ಫುಲ್ ಬ್ಯುಸಿ, ಕೆಲಸ ಮಾತ್ರ ಸೊನ್ನೆ: 1996ರ ಒಂದು ಕಂಪ್ಯೂಟರ್ ಕಥೆ

1/5
ಲ್ಯಾಪ್‌ಟಾಪ್‌ನಲ್ಲಿ ಹಾಡು ಕೇಳ್ತಾ ಇರ್ತೀರಿ. ಇದ್ದಕ್ಕಿದ್ದಂಗೆ ಸೌಂಡ್ ತುಂಡು ತುಂಡಾಗತ್ತೆ, ಮೌಸ್ ನಿಂತು ನಿಂತು ಓಡತ್ತೆ. ನೋಡಿದ್ರೆ ಯಾವ ಆ್ಯಪೂ ಹೆಚ್ಚು ಸಿಪಿಯು ತಿಂತಿಲ್ಲ. ಹಾಗಾದ್ರೆ ಟೈಮ್ ಎಲ್ಲಿ ಹೋಯ್ತು? ಇದಕ್ಕೆ ಇರಬಹುದಾದ ಕಾರಣಗಳಲ್ಲಿ ಒಂದು, ಇಂಟರಪ್ಟ್‌ಗಳ ಹಾವಳಿ. ಈ ಕಾಯಿಲೆಯನ್ನು ಅಳೆದು ಮದ್ದು ಕೊಟ್ಟ ಇಬ್ಬರ ಕಥೆ ಇವತ್ತು. ಅವರಲ್ಲೊಬ್ಬರು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂಟೆಕ್ ಮಾಡಿದವರು.

2/5
ಮೊದಲು ಇಂಟರಪ್ಟ್ ಅಂದ್ರೇನು? ಕೀಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇವೆಲ್ಲ "ಏನೋ ಬಂದಿದೆ, ನೋಡು" ಅಂತ ಪ್ರೊಸೆಸರ್‌ಗೆ ಹೊಡೆಯೋ ಬೆಲ್. ಇದು ಇಲ್ಲದಿದ್ರೆ ಪ್ರೊಸೆಸರ್ "ಬಂತಾ? ಬಂತಾ?" ಅಂತ ಸುಮ್ಮನೆ ಕೇಳ್ತಾ ಕೂರಬೇಕಿತ್ತು. ಹಾಗಾಗಿ 1950ರ ದಶಕದಲ್ಲಿ ಬಂದ ಈ ಉಪಾಯ ಎಲ್ಲೆಡೆ ನೆಲೆಯೂರಿತು. ಒಂದೇ ಷರತ್ತು: ಬೆಲ್ ಆದ್ರೆ, ಕೈಯಲ್ಲಿರೋ ಕೆಲಸ ಬಿಟ್ಟು ಹೋಗಲೇಬೇಕು.

ಈಗ ಒಬ್ಬರೇ ಕ್ಲರ್ಕ್ ಇರೋ ಬ್ಯಾಂಕ್ ಊಹಿಸ್ಕೊಳ್ಳಿ. ಬಾಗಿಲಲ್ಲಿ ಬೆಲ್ ಆದಾಗಲೆಲ್ಲ ಎದ್ದು ಹೋಗಿ ಫಾರ್ಮ್ ತಂದು ಮೇಜಿನ ಮೇಲಿಡಬೇಕು. ದಿನಕ್ಕೆ ಹತ್ತು ಬೆಲ್ ಆದ್ರೆ ಪರವಾಗಿಲ್ಲ. ಎಡೆಬಿಡದೆ ಹೊಡೆದ್ರೆ? ಫಾರ್ಮ್ ತರೋದೇ ಕೆಲಸ. ಒಂದೂ ಪಾಸ್ ಆಗಲ್ಲ. ಮೇಜು ತುಂಬಿ, ಹೊಸದಾಗಿ ತಂದಿದ್ದು ನೇರ ಕಸದ ಬುಟ್ಟಿಗೆ!

3/5
ಇದನ್ನೇ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಅಂಕಿಅಂಶ ಸಮೇತ ತೋರಿಸಿದರು. ಡಿಜಿಟಲ್ ಕಂಪನಿಯ ಯುನಿಕ್ಸ್ ಯಂತ್ರವೊಂದನ್ನು ರೂಟರ್ ಮಾಡಿ, ಅದರ ಮೇಲೆ ಪ್ಯಾಕೆಟ್‌ಗಳ ಮಳೆ ಸುರಿಸಿದರು. ಒಳಗೆ ಸ್ಕ್ರೀನ್‌ಡಿ ಅನ್ನೋ ಪ್ರೋಗ್ರಾಂ ಇತ್ತು. ಯಾವ ಪ್ಯಾಕೆಟ್ ಒಳಗೆ ಬಿಡಬೇಕು, ಯಾವುದು ಬೇಡ ಅಂತ ತೀರ್ಮಾನಿಸೋ ಕಾವಲುಗಾರ ಅದು.

ಸೆಕೆಂಡಿಗೆ ಸುಮಾರು 2,000 ಪ್ಯಾಕೆಟ್ ದಾಟಿದ ಮೇಲೆ ಹೊರಗೆ ಹೋಗೋ ಸಂಖ್ಯೆ ಇಳಿಯತೊಡಗಿತು. ಸುಮಾರು 6,000ಕ್ಕೆ ಹೊರಗೆ ಹೋಗ್ತಿದ್ದಿದ್ದು ಸೊನ್ನೆ. ಆಗಿನ 10 ಮೆಗಾಬಿಟ್ ಈಥರ್‌ನೆಟ್‌ನಲ್ಲೇ ಸೆಕೆಂಡಿಗೆ 14,880 ಸಣ್ಣ ಪ್ಯಾಕೆಟ್ ಬರಬಹುದಿತ್ತು ಅನ್ನೋದು ನೆನಪಿರಲಿ. ಯಂತ್ರ ಹ್ಯಾಂಗ್ ಆಗಿರಲಿಲ್ಲ, ಮೈಮುರಿದು ದುಡೀತಿತ್ತು. ಈ ಸ್ಥಿತಿಯ ಹೆಸರೇ ರಿಸೀವ್ ಲೈವ್‌ಲಾಕ್.

4/5
ಮದ್ದು ಏನು? ಇನ್ನೂ ಫಾಸ್ಟ್ ಪ್ರೊಸೆಸರ್ ತಗೊಳ್ಳಿ ಅಂತ ಅವರು ಹೇಳಲಿಲ್ಲ. ಮೊದಲ ಬೆಲ್ ಆದ ತಕ್ಷಣ ಬೆಲ್ಲನ್ನೇ ಆಫ್ ಮಾಡು. ನೀನೇ ಹೋಗಿ ಒಂದು ಕೋಟಾದಷ್ಟು ಪ್ಯಾಕೆಟ್ ತಂದು ಪೂರ್ತಿ ಮುಗಿಸು. ಬಾಕಿ ಏನೂ ಇಲ್ಲ ಅಂದಾಗ ಬೆಲ್ ಮತ್ತೆ ಆನ್ ಮಾಡು. ಕಾವಲುಗಾರನ ಸಾಲು ತುಂಬ್ತಾ ಬಂದ್ರೆ, ಒಳಗೆ ತಗೊಳ್ಳೋದನ್ನೇ ಸ್ವಲ್ಪ ಹೊತ್ತು ನಿಲ್ಲಿಸು.

ಆಗ್ಲೂ ಎಷ್ಟೋ ಪ್ಯಾಕೆಟ್ ಬಿದ್ದು ಹೋಗತ್ತೆ. ಆದ್ರೆ ಬಾಗಿಲಲ್ಲೇ ಬೀಳತ್ತೆ, ಅದರ ಮೇಲೆ ಖರ್ಚು ಮಾಡೋಕೆ ಮುಂಚೆ. ಬಿಕಾಂನವರೇ, ಪ್ರೋಸೆಸ್ ಕಾಸ್ಟಿಂಗ್ ನೆನಪಿದೆಯಾ? ಮೊದಲ ಪ್ರೋಸೆಸ್‌ನಲ್ಲಿ ಹಾಳಾದ ಯೂನಿಟ್‌ಗಿಂತ ಕೊನೆಯ ಪ್ರೋಸೆಸ್‌ನಲ್ಲಿ ಹಾಳಾದ ಯೂನಿಟ್ ದುಬಾರಿ. ಅದೇ ಲೆಕ್ಕ ಇಲ್ಲೂ!

5/5
2001ರಲ್ಲಿ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆಟ್ಸೋವ್ ಇದೇ ದಾರಿಯಲ್ಲಿ ಲಿನಕ್ಸ್‌ಗೆ ಎನ್‌ಎಪಿಐ ಅನ್ನೋ ವ್ಯವಸ್ಥೆಯನ್ನು ಮಂಡಿಸಿದರು. ಇವತ್ತಿಗೂ ಲಿನಕ್ಸ್‌ನ ನೆಟ್‌ವರ್ಕ್ ಡ್ರೈವರ್‌ಗಳು ಅದರ ಮೇಲೇ ನಡೀತಿವೆ. ಆಂಡ್ರಾಯ್ಡ್ ಫೋನ್ ಒಳಗಿರೋದೂ ಲಿನಕ್ಸ್ ಕರ್ನಲ್ಲೇ.

ನಿಮ್ಮ ಲಿನಕ್ಸ್ ಯಂತ್ರ ತಡವರಿಸಿದ್ರೆ ಮೊದಲು ಟಾಪ್ ಕಮಾಂಡ್ ಹಾಕಿ. ಅದರಲ್ಲಿ ಎಚ್‌ಐ, ಎಸ್‌ಐ ಅಂತ ಎರಡು ಅಂಕಿ ಇರತ್ತೆ: ಇಂಟರಪ್ಟ್‌ಗೆ ಹೋದ ಸಮಯ. ಅದು ಏರಿದ್ರೆ ಪ್ರಾಕ್ ಫೋಲ್ಡರ್‌ನ ಇಂಟರಪ್ಟ್ಸ್ ಫೈಲನ್ನು ಕೆಲವು ಸೆಕೆಂಡ್ ಬಿಟ್ಟು ಎರಡು ಸಲ ನೋಡಿ. ಯಾವ ಸಾಲಿನ ಎಣಿಕೆ ಅತಿಯಾಗಿ ಜಿಗಿದಿದೆಯೋ, ವಿಚಾರಣೆ ಆ ಡಿವೈಸ್‌ನಿಂದಲೇ ಶುರು ಮಾಡಿ. ಹೊಸ ರ‍್ಯಾಮ್‌ಗೆ ದುಡ್ಡು ಹಾಕೋದು ಆಮೇಲೆ.

ಬ್ಯುಸಿ ಇರೋದು ಬೇರೆ, ಕೆಲಸ ಮುಗಿಯೋದು ಬೇರೆ. ಅಳೆಯಬೇಕಾದ್ದು ಎರಡನೇದನ್ನ.

ಸೇವ್ ಮಾಡ್ಕೊಳ್ಳಿ, ಲ್ಯಾಪ್‌ಟಾಪ್‌ಗೆ ಬೈತಾ ಇರೋ ಫ್ರೆಂಡ್‌ಗೆ ಕಳಿಸಿ.

#ಕಂಪ್ಯೂಟರ್‌ಚರಿತ್ರೆ #ಲಿನಕ್ಸ್ #ಕನ್ನಡದಲ್ಲಿಟೆಕ್