ಗೋವೆಯ ಗುಟ್ಟು ಕೊಟ್ಟ ಹೊನ್ನಾವರದ ತಿಮ್ಮಯ್ಯ

ನಮ್ಮ ಮೈಸೂರು ಸೀಮೆಯಲ್ಲಿ ದ್ರೋಹ ಅಂದ ತಕ್ಷಣ ಬಾಯಿಗೆ ಬರೋ ಹೆಸರು ಮೀರ್ ಸಾದಿಕ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿದ್ದು ಅವನಿಂದ ಅಂತ ಸಣ್ಣ ಮಕ್ಕಳೂ ಹೇಳ್ತಾರೆ. ಆದರೆ ಅದಕ್ಕೂ 289 ವರ್ಷ ಮುಂಚೆ, ಇದೇ ಕರ್ನಾಟಕದ ಕರಾವಳಿಯಲ್ಲಿ ಒಬ್ಬ ಕೊಟ್ಟ ಮಾಹಿತಿ ಇಡೀ ಪಶ್ಚಿಮ ಕರಾವಳಿಯ ಹಣೆಬರಹವನ್ನೇ ಬದಲಿಸಿಬಿಡ್ತು. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಪೋರ್ಚುಗೀಸರು ಅವನನ್ನ ತಿಮೋಜ ಅಂತ ಬರೆದರು. ನಮ್ಮವರ ಪಾಲಿಗೆ ತಿಮ್ಮಯ್ಯ. ಜೋಗದಲ್ಲಿ ಧುಮುಕುವ ಶರಾವತಿ ಸಮುದ್ರ ಸೇರೋದು ಹೊನ್ನಾವರದಲ್ಲಿ. ಆ ಅಳಿವೆಯೇ ಅವನ ನೆಲೆ. ಗೇರುಸೊಪ್ಪೆಯ ಅರಸರಿಗೆ, ಅವರ ಮೇಲಿನ ವಿಜಯನಗರಕ್ಕೆ ಹಡಗು ನಡೆಸಿಕೊಡುತ್ತಿದ್ದ ನೌಕಾನಾಯಕ. ಶತ್ರುಗಳ ಪಾಲಿಗೆ ಕಡಲ್ಗಳ್ಳ.

ಪೋರ್ಚುಗೀಸರ ಜೊತೆ ಅವನ ಸಂಬಂಧ ಶುರುವಾಗಿದ್ದು ಸ್ನೇಹದಿಂದಲ್ಲ, ಬೆಂಕಿಯಿಂದ. 1505ರಲ್ಲಿ ವೈಸರಾಯ್ ಅಲ್ಮೇಡಾ ಹೊನ್ನಾವರದಲ್ಲಿದ್ದ ಹಡಗುಗಳನ್ನ ಸುಟ್ಟು ಹಾಕಿದ. ತಿಮ್ಮಯ್ಯ ರಾಜಿ ಮಾಡ್ಕೊಂಡ. ಐದೇ ವರ್ಷಕ್ಕೆ ಅದೇ ಪೋರ್ಚುಗೀಸರಿಗೆ ದಾರಿ ತೋರಿಸೋಕೆ ನಿಂತ!

1510ರ ಆರಂಭ. ಕೆಂಪು ಸಮುದ್ರದ ಕಡೆ ಹೊರಟಿದ್ದ ಅಲ್ಬುಕರ್ಕ್‌ನನ್ನ ತಿಮ್ಮಯ್ಯ ಭೇಟಿಯಾದ. ಅವನು ಹೇಳಿದ್ದೇನು ಅನ್ನೋದನ್ನ ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. ಬಿಜಾಪುರದ ಸುಲ್ತಾನ ತೀರಿಹೋಗಿದ್ದಾನೆ, ಗೋವೆಯ ಜನ ಆಳ್ವಿಕೆಯಿಂದ ಬೇಸತ್ತಿದ್ದಾರೆ, ಅಲ್ಲಿ ನಿಮ್ಮ ಮೇಲೆ ಬರೋಕೆ ಹಡಗು ಕಟ್ಟುತ್ತಿದ್ದಾರೆ, ಹೊಡೆಯೋದಾದ್ರೆ ಇದೇ ಹೊತ್ತು. ಇವತ್ತಿನ ಭಾಷೆಯಲ್ಲಿ ಇದಕ್ಕೆ ಪಕ್ಕಾ ಇಂಟೆಲಿಜೆನ್ಸ್ ರಿಪೋರ್ಟ್ ಅಂತಾರೆ. ಅಲ್ಬುಕರ್ಕ್ ಹಡಗು ತಿರುಗಿಸಿದ. ಹೆಚ್ಚು ರಕ್ತಪಾತವಿಲ್ಲದೆ ಗೋವೆ ಕೈಗೆ ಬಂತು.

ಹಾಗಾದ್ರೆ ತಿಮ್ಮಯ್ಯ ದ್ರೋಹಿನಾ? ಸ್ವಲ್ಪ ತಾಳಿ. ಆಗ ಗೋವೆ ಇದ್ದದ್ದು ಬಿಜಾಪುರದ ಕೈಯಲ್ಲಿ. ಬಿಜಾಪುರ ಅಂದ್ರೆ ವಿಜಯನಗರದ ಶತ್ರು. ಯುದ್ಧದ ಕುದುರೆಗಳು ಅರಬ್ ದೇಶಗಳಿಂದ ಬಂದಿಳಿಯುತ್ತಿದ್ದ ದೊಡ್ಡ ಬಂದರು ಅದು. ಕೃಷ್ಣದೇವರಾಯ ಪಟ್ಟಕ್ಕೆ ಬಂದು ಒಂದು ವರ್ಷ ಕೂಡ ಆಗಿರಲಿಲ್ಲ. ಶತ್ರುವಿನ ಬಂದರನ್ನ ಪರದೇಶಿಯ ಕೈಲಿ ಒಡೆಸಿದ್ರೆ ತಪ್ಪೇನು? ಲೆಕ್ಕ ಸರಿಯಾಗೇ ಇತ್ತು.

ಕೊನೆಯ ಸಾಲಿನಲ್ಲಿ ಎಡವಿದ. ಗೋವೆಯನ್ನ ತನಗೇ ಬಿಟ್ಟುಕೊಡ್ತಾರೆ, ಕಪ್ಪ ಕೊಟ್ಟು ಆಳಬಹುದು ಅನ್ನೋದು ಅವನ ಆಸೆ. ಅಲ್ಬುಕರ್ಕ್ ಊರು ಕೊಡಲಿಲ್ಲ, ಹುದ್ದೆ ಕೊಟ್ಟ. ಸ್ಥಳೀಯ ಹಿಂದೂಗಳ ಮುಖ್ಯಸ್ಥ, ಕಂದಾಯ ವಸೂಲಿಯ ಅಧಿಕಾರಿ. ಅಲ್ಲಿಗೆ ನೌಕಾನಾಯಕ ರಾಜಕಾರಣಿಯಾದ, ಆದರೆ ಬೇರೆಯವರ ಸರ್ಕಾರದಲ್ಲಿ.

ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಪೋರ್ಚುಗೀಸರನ್ನ ಓಡಿಸಿತು. ಮಳೆಗಾಲ ಮುಗಿಸಿಕೊಂಡು ಅಲ್ಬುಕರ್ಕ್ ವಾಪಸ್ ಬಂದ. 1510ರ ನವೆಂಬರ್ 25ರಂದು ಗೋವೆ ಮತ್ತೆ ಬಿತ್ತು. ಈ ಸಲ ಸಾವಿರಾರು ಮುಸ್ಲಿಮರ ಕೊಲೆಯಾಯ್ತು. ಅದನ್ನ ಅಲ್ಬುಕರ್ಕ್ ತನ್ನ ರಾಜನಿಗೆ ಪತ್ರದಲ್ಲಿ ತಾನೇ ಬರೆದುಕೊಂಡಿದ್ದಾನೆ. ಈ ಎರಡನೇ ದಾಳಿಗೆ ತಿಮ್ಮಯ್ಯ ತನ್ನ ಜನರ ಜೊತೆ ಬಂದು ಸೇರೋ ಹೊತ್ತಿಗೆ ಊರು ಆಗಲೇ ಕೈವಶವಾಗಿತ್ತು. ಅಂದ್ರೆ ಪೋರ್ಚುಗೀಸರಿಗೆ ಇನ್ನು ಅವನ ಅಗತ್ಯವೇ ಇರಲಿಲ್ಲ. ಮುಂದೆ ಬಿಜಾಪುರದ ಪಡೆ ಎದುರು ಸೋತು ವಿಜಯನಗರ ಸೇರಿದ, ಅಲ್ಲೇ ಕಣ್ಮುಚ್ಚಿದ.

ಆಮೇಲೆ ಏನಾಯ್ತು ನೋಡಿ. ಕುದುರೆ ಹೊತ್ತ ಹಡಗುಗಳೆಲ್ಲ ಗೋವೆಗೇ ಬರಬೇಕು ಅಂತ ಪೋರ್ಚುಗೀಸರು ಕಟ್ಟಳೆ ಮಾಡಿದರು. ತಿಮ್ಮಯ್ಯನ ಸ್ವಂತ ಕರಾವಳಿಯ ಬಂದರುಗಳಿಗೇ ಏಟು ಬಿತ್ತು. ವಿಜಯನಗರ ಕುದುರೆಗಾಗಿ ಪೋರ್ಚುಗೀಸರ ಮುಂದೆ ನಿಲ್ಲಬೇಕಾಯ್ತು. ಮುಂದೆ ಗೋವೆಯಲ್ಲಿ ದೇವಸ್ಥಾನಗಳು ಬಿದ್ದವು, 1560ರಲ್ಲಿ ಇನ್‌ಕ್ವಿಸಿಷನ್ ಬಂತು. ಜೀವ, ಧರ್ಮ ಉಳಿಸಿಕೊಳ್ಳೋಕೆ ಕೊಂಕಣಿ ಮಾತಾಡುವ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಬಂದವು. ಬಂದಿದ್ದೆಲ್ಲಿಗೆ? ಹೊನ್ನಾವರ, ಕುಮಟಾ, ಭಟ್ಕಳ, ಮಂಗಳೂರು. ದೇವರ ಮೂರ್ತಿಯನ್ನೂ ಹೊತ್ತು ತಂದವರಿದ್ದಾರೆ.

ಪಾಸ್‌ವರ್ಡ್ ಹೊರಗೆ ಹೋದ್ರೆ ಬದಲಾಯಿಸಬಹುದು. ಊರಿನ ದಾರಿ, ಕೋಟೆಯ ದೌರ್ಬಲ್ಯ, ಜನರ ಅಸಮಾಧಾನ ಹೊರಗಿನವನಿಗೆ ಗೊತ್ತಾದ್ರೆ ಅದನ್ನ ವಾಪಸ್ ಈಸ್ಕೊಳ್ಳೋಕೆ ಆಗಲ್ಲ. ತಿಮ್ಮಯ್ಯ ಒಂದು ಯುದ್ಧಕ್ಕೆ ಅಂತ ಕರೆದ ಅತಿಥಿ ಗೋವೆ ಬಿಟ್ಟು ಹೋಗಿದ್ದು 1961ರ ಡಿಸೆಂಬರ್ 19ರಂದು. ಅದೂ ನಮ್ಮ ಸೈನ್ಯ ಹೋಗಿ ಕಳಿಸಿದ ಮೇಲೆ. ನಡುವೆ ಕಳೆದದ್ದು 451 ವರ್ಷ!