ಅಂಬಾಸಿಡರ್‌ನ ಹಿಂದಿನ ಚಕ್ರದೊಳಗಿನ ಕರಿಧೂಳು

ಮದುವೆಗೆ ಇನ್ನು ನಾಲ್ಕು ದಿನ ಇತ್ತು. ನಮ್ಮೂರಿನ ಹಳೇ ಬಿಳಿ ಅಂಬಾಸಿಡರ್ ಮದುಮಗನನ್ನು ಕೂರಿಸಿಕೊಂಡು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಿತ್ತು. ಕಾರು ತೊಳೆಯುತ್ತಿದ್ದ ಹುಡುಗನಿಗೆ ಎಡಗಡೆ ಹಿಂದಿನ ಟೈರಿನ ಒಳಮೈಯಲ್ಲಿ ಎಣ್ಣೆ ಜಿಡ್ಡು ಕಂಡಿತು. ಒರೆಸಿದ. ಮರುದಿನ ಮತ್ತೆ ಅಲ್ಲೇ ಜಿಡ್ಡು.

ಕಾರನ್ನು ಗ್ಯಾರೇಜಿಗೆ ಒಯ್ದರು. ನಾನೂ ಹಿಂದೆ ಹೋದೆ. ಸುದ್ದಿ ಬರೆಯಲು ಅಲ್ಲ, ಆ ಕಾರಿನಲ್ಲಿ ನಾನೂ ಘಟ್ಟ ಇಳಿಯಬೇಕಿತ್ತು, ಅದಕ್ಕೆ.

ಮೇಸ್ತ್ರಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರು. ಚಕ್ರ ಬಿಚ್ಚಿ ಬ್ರೇಕ್ ಡ್ರಮ್ ತೆಗೆದಾಗ ಒಳಗೆ ಕಂಡದ್ದು ಎಣ್ಣೆಯಲ್ಲಿ ಕಲಸಿದ ಕರಿ ಹಿಟ್ಟು. ಬ್ರೇಕ್ ಶೂಗಳು ಹಪ್ಪಳ ಕರಿದ ಹಾಗೆ ಎಣ್ಣೆ ಕುಡಿದಿದ್ದವು. ಗ್ಯಾರೇಜಿನ ಹೊಸ ಹುಡುಗ ಗಾಳಿ ಪೈಪು ಹಿಡಿದು ಬಲಗಡೆಯ ಒಣ ಧೂಳು ಊದಲು ಹೋದ. ಮೇಸ್ತ್ರಿ ಗದರಿದರು: "ಅದನ್ನ ಊದಬೇಡ. ಆ ಧೂಳಿಗೆ ದೊಡ್ಡ ಕತೆ ಇದೆ."

ಆ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಚ್ಚು ಎಂದರೆ ನಮಗೆ ಗೊತ್ತಿರುವುದೇ

ಎತ್ತಿನ ಗಾಡಿ ನೋಡಿದವರಿಗೆ ಆಕ್ಸಲ್ ಹೊಸದಲ್ಲ. ಅದು ಅಚ್ಚು. ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಗಾಲಿ ತಿರುಗುತ್ತದೆ. ಗಾಲಿ ಕಳಚದಂತೆ ಕಡಾಣಿ, ಉಜ್ಜದಂತೆ ಕೀಲೆಣ್ಣೆ.

ಕಾರಿನ ಹಿಂದಿನ ಅಚ್ಚಿಗೆ ಇನ್ನೊಂದು ಕೆಲಸ ಇದೆ. ಅದು ಗಾಲಿಯನ್ನು ತಿರುಗಿಸಲೂಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಕಟ್ಟಿದರೆ ಒಂದು ಗಾಲಿ ನೆಲದಲ್ಲಿ ಎಳೆದಾಡುತ್ತದೆ. ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಉಗಿ ಗಾಡಿಗಾಗಿ ಡಿಫರೆನ್ಷಿಯಲ್ ಗೇರ್ ರೂಪಿಸಿದ್ದ. ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಐವತ್ತಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು.

ಅಂಬಾಸಿಡರ್‌ನ ಹೊಟ್ಟೆಯಡಿ ಬಗ್ಗಿ ನೋಡಿದರೆ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂಥ ಗುಂಡು ಕಾಣುತ್ತದಲ್ಲ, ಡಿಫರೆನ್ಷಿಯಲ್ ಇರುವುದು ಅದರೊಳಗೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಹಾಫ್ ಶಾಫ್ಟ್ ಹೊರಡುತ್ತದೆ. ಗುಂಡಿನೊಳಗೆ ಗೇರ್ ಆಯಿಲ್ ತುಂಬಿರುತ್ತದೆ. ಅದು ಚಕ್ರದ ಕಡೆ ಹರಿಯದಂತೆ ತಡೆಯುವುದು ತುದಿಯಲ್ಲಿರುವ ಸಣ್ಣ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಬ್ರೇಕ್. ನಡುವೆ ಬೆರಳಗಲದ ಆ ರಬ್ಬರ್ ಮಾತ್ರ.

ಹಳೇ ಬೂಟಿನಿಂದ ಶುರುವಾದ ಬ್ರೇಕ್

ಘಟ್ಟದ ಗಾಡಿಗಳಲ್ಲಿ ಇಳಿಜಾರಿಗೆ ಬಂದಾಗ ಹಗ್ಗ ಬಿಗಿದು ಮರದ ತುಂಡನ್ನು ಗಾಲಿಯ ಪಟ್ಟಿಗೆ ಒತ್ತುತ್ತಿದ್ದರು. ಇಂಗ್ಲೆಂಡಿನ ಡರ್ಬಿಶೈರ್ ಬೆಟ್ಟಗಳ ರೈತರ ಕುದುರೆಗಾಡಿಗಳಲ್ಲೂ ಹೆಚ್ಚುಕಡಿಮೆ ಇದೇ ಉಪಾಯ. ಅಲ್ಲಿನ ಗಾಡಿಯವರು ಬ್ರೇಕಿನ ಕಟ್ಟೆಗೆ ಹಳೇ ಬೂಟು ಸಿಕ್ಕಿಸುವುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ನೋಡಿದನಂತೆ. ಚರ್ಮ ಮರಕ್ಕಿಂತ ಚೆನ್ನಾಗಿ ಹಿಡಿಯುತ್ತದೆ ಎಂಬುದು ತಲೆಗೆ ಹೊಳೆದು, 1897ರಲ್ಲಿ ಅವನು ಬ್ರೇಕಿಗೆ ಅಂಟಿಸುವ ಪಟ್ಟಿಗಳನ್ನು ಮಾಡಲು ಶುರು ಮಾಡಿದ. ಕಂಪನಿಯ ಹೆಸರು ಫೆರೋಡೊ. ತನ್ನ ಹೆಸರಿನ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್ ಹೆಸರಿನ ಮೊದಲಕ್ಷರ ಸೇರಿಸಿ ಕಲಸಿದ ಹೆಸರು ಅದು. ಇಂದಿಗೂ ಬಿಡಿಭಾಗದ ಅಂಗಡಿಗಳಲ್ಲಿ ಆ ಹೆಸರಿನ ಡಬ್ಬಿ ಸಿಗುತ್ತದೆ.

1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ಕಾರಿಗೆ ತಂದ. ಚಕ್ರದೊಡನೆ ತಿರುಗುವ ಕಬ್ಬಿಣದ ಬೋಗುಣಿ, ಅದರೊಳಗೆ ಎರಡು ಅರ್ಧಚಂದ್ರದ ಶೂಗಳು. ಶೂ ಅಗಲಿ ಬೋಗುಣಿಗೆ ಒತ್ತಿದರೆ ಚಕ್ರ ನಿಲ್ಲುತ್ತದೆ. ಆಗ ಎಲ್ಲ ಸರಳು, ತಂತಿಗಳ ಎಳೆತ. ಆಮೇಲೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ದ್ರವದ ಒತ್ತಡದಿಂದ ಬ್ರೇಕ್ ಹಿಡಿಸುವ ವಿಧಾನ ತಂದ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಅದು ಬಂತು.

ಅಂಬಾಸಿಡರ್‌ನಲ್ಲಿ ಈ ಎರಡೂ ಕಾಲ ಇವೆ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಓಡಿ ಚಕ್ರದ ಸಿಲಿಂಡರ್ ತೆರೆಯುತ್ತದೆ. ಹ್ಯಾಂಡ್ ಬ್ರೇಕ್ ಮಾತ್ರ ಹಳೇ ಪದ್ಧತಿಯಂತೆ ತಂತಿ ಎಳೆದು ಹಿಂದಿನ ಶೂಗಳನ್ನೇ ಅಗಲಿಸುತ್ತದೆ. ಹಾಗಾಗಿ ಹಿಂದಿನ ಬ್ರೇಕಿಗೆ ಎಣ್ಣೆ ಬಿದ್ದರೆ ಎರಡೂ ಹೋದಂತೆ.

ಕಲ್ನಾರಿನ ಸಾಲ

ಫ್ರೂಡ್‌ನ ಮೊದಲ ಪಟ್ಟಿಗಳಲ್ಲಿ ಹತ್ತಿ ಇತ್ತು. ಕಾರುಗಳ ವೇಗ ಏರಿದಂತೆ ಹತ್ತಿ ಬಿಸಿಗೆ ಸುಟ್ಟು ಹೋಗುತ್ತಿತ್ತು. ಸುಡದ ನಾರು ಬೇಕಿತ್ತು. ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಸಿಕ್ಕಿತು. ಬಿಸಿ ತಡೆಯುತ್ತದೆ, ಅಗ್ಗ, ಚೆನ್ನಾಗಿ ಹಿಡಿಯುತ್ತದೆ. ಮುಂದೆ ಹಲವು ದಶಕ ಜಗತ್ತಿನ ಬಹುಪಾಲು ಬ್ರೇಕುಗಳು ಕಲ್ನಾರಿನ ಮೇಲೆಯೇ ನಿಂತವು.

ಆದರೆ 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ಕಾರ್ಖಾನೆಯ ಕೆಲಸಗಾರ್ತಿ ನೆಲ್ಲಿ ಕರ್ಶಾ 33ನೇ ವಯಸ್ಸಿಗೆ ತೀರಿಕೊಂಡಳು. ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಚೂರುಗಳಿದ್ದವು ಎಂದು ಡಾಕ್ಟರ್ ವಿಲಿಯಂ ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಅವಳು ದುಡಿದ ಕಂಪನಿಯೂ ಫ್ರೂಡ್‌ನ ಬ್ರೇಕ್ ಕಂಪನಿಯೂ ಅದೇ ದಶಕದಲ್ಲಿ ಒಂದೇ ಗುಂಪಿಗೆ ಸೇರಿದವು. 1931ರಲ್ಲಿ ಬ್ರಿಟನ್ ಕಾರ್ಖಾನೆಗಳಲ್ಲಿ ಕಲ್ನಾರಿನ ಧೂಳು ತಡೆಯಲು ನಿಯಮ ತಂತು. ಬಿಳಿ ಕಲ್ನಾರನ್ನೂ ಸೇರಿಸಿ ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ತಿಳಿದದ್ದಕ್ಕೂ ನಿಲ್ಲಿಸಿದ್ದಕ್ಕೂ ನಡುವೆ 75 ವರ್ಷ.

ನಮ್ಮಲ್ಲಿ? 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕೆಲಸಗಾರರ ಪ್ರಕರಣದಲ್ಲಿ ಒಂದು ದೊಡ್ಡ ಮಾತು ಹೇಳಿತು. ಕೆಲಸಗಾರನ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸೇರಿದೆ ಎಂಬುದೇ ಆ ಮಾತು. ಆದರೆ ಬಿಳಿ ಕಲ್ನಾರಿನ ಬಳಕೆಗೆ ಇಲ್ಲಿ ಪೂರ್ತಿ ನಿಷೇಧ ಬಂದಿಲ್ಲ. ತೀರ್ಪು ಗ್ಯಾರೇಜಿನ ಬಾಗಿಲವರೆಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಸೋದರಮಾವ ಮೆಕ್ಯಾನಿಕ್ ಆಗಿದ್ದರು. ರಿವೆಟ್ ಹೊಡೆದು ಹೊಸ ಲೈನಿಂಗ್ ಕೂರಿಸುವುದು, ಅಂಚು ಅರದಿಂದ ಉಜ್ಜುವುದು, ಡ್ರಮ್ಮಿನ ಧೂಳನ್ನು ಬಾಯಿಂದ ಊದುವುದು ಅವರ ದಿನದ ಕೆಲಸ. ಚಿಕ್ಕವನಿದ್ದಾಗ ನಾನೂ ಪಕ್ಕದಲ್ಲಿ ಕೂತು ಊದಿದ್ದೇನೆ. ಕೊನೆಯ ವರ್ಷಗಳಲ್ಲಿ ಅವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಬೀಡಿಯಿಂದ ಎಂದರು ಮನೆಯವರು. ಏನು ಕೆಲಸ ಮಾಡುತ್ತಿದ್ದೆ ಎಂದು ಯಾರೂ ಅವರನ್ನು ಕೇಳಲಿಲ್ಲ. ಧೂಳೇ ಕಾರಣ ಎಂದು ನಾನೂ ಹೇಳಲಾರೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ ಎಂಬುದಷ್ಟೇ ಮನಸ್ಸಿನಲ್ಲಿ ಉಳಿದಿದೆ.

ಈ ಕಾರು ಎಲ್ಲಿಂದ ಬಂತು

ಹಿಂದೂಸ್ತಾನ್ ಮೋಟಾರ್ಸ್ ಶುರುವಾದದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. ಆಮೇಲೆ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು ಅಲ್ಲಿ ಅಂಬಾಸಿಡರ್ ಆಗಿ ಹೊರಬಂತು. ಇಂಗ್ಲೆಂಡಿನಲ್ಲಿ ಆ ಮಾದರಿ ಕೆಲವೇ ವರ್ಷದಲ್ಲಿ ನಿಂತಿತು. ನಮ್ಮಲ್ಲಿ 2014ರ ಮೇ ತಿಂಗಳವರೆಗೆ ತಯಾರಾಯಿತು. ಎಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು. ಕಮಾನು ಪಟ್ಟಿಯ ಮೇಲೆ ಕೂತ ಹಿಂದಿನ ಅಚ್ಚು, ಅದರ ತುದಿಯ ಡ್ರಮ್ ಬ್ರೇಕ್ ಮಾತ್ರ ಕೊನೆತನಕ ಉಳಿದವು. ಹಾಗಾಗಿಯೇ ಹಳ್ಳಿಯ ಮೇಸ್ತ್ರಿಗೂ ಅದು ಕೈವಶವಾಯಿತು. ಅಪ್ಪ ಕಲಿತದ್ದು ಮಗನಿಗೂ ಸಾಕಾಯಿತು.

ಮೇಸ್ತ್ರಿ ಮಾಡಿದ್ದೇನು

ಮತ್ತೆ ಗ್ಯಾರೇಜಿಗೆ ಬರೋಣ. ಹೋದ ವರ್ಷವೂ ಇದೇ ಚಕ್ರದ ಸೀಲ್ ಬದಲಿಸಿದ್ದರು ಎಂದರು ಕಾರಿನವರು. ಹಾಗಾದರೆ ಮತ್ತೆ ಯಾಕೆ ಸೋರಿತು?

ಮೇಸ್ತ್ರಿ ಹಾಫ್ ಶಾಫ್ಟ್ ಹೊರಗೆಳೆದು ಹಬ್ ಬಿಚ್ಚಿದರು. ಬೇರಿಂಗ್ ತಿರುಗಿಸಿದರೆ ಕರಕರ ಸದ್ದು. ಬೇರಿಂಗ್ ಸವೆದರೆ ತಿರುಗುವ ಭಾಗ ಅಲ್ಲಾಡುತ್ತದೆ, ಅಲ್ಲಾಟಕ್ಕೆ ಸೀಲಿನ ತುಟಿ ಹರಿಯುತ್ತದೆ. ಆಮೇಲೆ ಅಚ್ಚಿನ ಮೇಲಿರುವ ಒಂದು ಸಣ್ಣ ತೂತು ತೋರಿಸಿದರು. ಓಡಿದಾಗ ಅಚ್ಚು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲಿ ಎಂದೇ ಇರುವ ತೂತು. ಕೆಂಪು ಮಣ್ಣು ಮೆತ್ತಿ ಅದು ಮುಚ್ಚಿಹೋಗಿತ್ತು. ಹೋಗಲು ದಾರಿಯಿಲ್ಲದ ಗಾಳಿ ಎಣ್ಣೆಯನ್ನು ಸೀಲಿನ ಮೂಲಕ ತಳ್ಳುತ್ತಿತ್ತು. ಸೀಲ್ ಮಾತ್ರ ಹೊಸದು ಹಾಕಿದ್ದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟಂತಾಗಿತ್ತು.

ತೂತು ಬಿಡಿಸಿದರು. ಬೇರಿಂಗ್, ಸೀಲ್ ಹೊಸದು ಹಾಕಿದರು. ಗೇರ್ ಆಯಿಲನ್ನು ಮಟ್ಟದ ತೂತಿನವರೆಗೆ ಮಾತ್ರ ತುಂಬಿದರು. ಜಾಸ್ತಿ ತುಂಬಿದರೆ ಅದೂ ಸೋರುತ್ತದೆ.

ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಲ್ಲಿ ತೊಳೆದು, ಬೆಂಕಿ ಹಚ್ಚಿ ಒಣಗಿಸಿ ಮತ್ತೆ ಹಾಕುವ ಅಭ್ಯಾಸ ಹಲವು ಕಡೆ ಇದೆ. ಕಾರಿನವರೂ ಅದನ್ನೇ ಕೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ಒಳಗೆ ಇಳಿದ ಎಣ್ಣೆ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಆಗ ಬ್ರೇಕ್ ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚುತ್ತದೆ. ಎಡಗಡೆ ಮಾತ್ರ ಹೊಸದು ಹಾಕಿದರೂ ತಪ್ಪು. ಎರಡು ಕಡೆ ಹಿಡಿತ ಬೇರೆಯಾಗಿ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಕಲ್ನಾರು ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದ ಶೂಗಳನ್ನು ಎರಡೂ ಕಡೆಗೆ ತರಿಸಿದರು.

ಧೂಳನ್ನು ಊದಲಿಲ್ಲ. ಸೋಪು ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರು. ಹಳೇ ಶೂಗಳಲ್ಲಿ ಕಲ್ನಾರು ಇತ್ತೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಇದೆ ಎಂದೇ ತಿಳಿದು ಕೆಲಸ ಮಾಡುವುದು ಜಾಣತನ.

ಕೊನೆಗೆ ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿದರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಘಟ್ಟದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಆ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೊಸ ಆಯಿಲ್ ಹಾಕಿ, ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರುಮಾಡಿ ಒಂದೊಂದೇ ಚಕ್ರದ ಗಾಳಿ ಬಿಟ್ಟರು. ನಾನು ಪೆಡಲ್ ಒತ್ತುವವನು, ಹುಡುಗ ನಟ್ಟು ತಿರುಗಿಸುವವನು.

ಮದುವೆ ದಿನ ಬೆಳಿಗ್ಗೆ ಘಟ್ಟ ಇಳಿದೆವು. ಚಾಲಕ ಎರಡನೇ ಗೇರಿನಲ್ಲೇ ಇಳಿಸಿದ. ಒಂದು ತಿರುವಿನಲ್ಲಿ ಎದುರಿಂದ ಲಾರಿ ಬಂತು. ಕಾರು ನೆಟ್ಟಗೆ, ಪಕ್ಕಕ್ಕೆ ಎಳೆಯದೆ ನಿಂತಿತು. ಮದುಮಗ ಫೋನ್ ನೋಡುತ್ತಿದ್ದ, ಅವನಿಗೆ ಗೊತ್ತೂ ಆಗಲಿಲ್ಲ.

ನಿಮ್ಮೂರಿನಲ್ಲೂ ಹಳೇ ಕಾರು, ಜೀಪು, ಟ್ರ್ಯಾಕ್ಟರ್ ಇದ್ದೇ ಇರುತ್ತವೆ. ಹಿಂದಿನ ಟೈರಿನ ಒಳಮೈಯನ್ನು ಒಮ್ಮೆ ಬಗ್ಗಿ ನೋಡಿ. ಗ್ಯಾರೇಜಿನಲ್ಲಿ ಯಾರಾದರೂ ಹುಡುಗ ಡ್ರಮ್ಮಿಗೆ ಬಾಯಿ ಹಚ್ಚಿ ಊದುತ್ತಿದ್ದರೆ ಕೈಗೆ ಒದ್ದೆ ಬಟ್ಟೆ ಕೊಡಿ. ನಮ್ಮ ಮಾವನಿಗೆ ಅದನ್ನು ಕೊಡುವವರು ಯಾರೂ ಇರಲಿಲ್ಲ.