ಗೋಗ್-ಮಾಗೋಗ್ ಮತ್ತು ನಮ್ಮೂರ ಬುರುಡೆಗಳು

ಜುಮಾ ಮುಗಿದ ಮೇಲೆ ಒಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಬೈಬಲ್‌ನಲ್ಲಿ ಹೇಳಿದ ಕೊನೆಯ ಯುದ್ಧ ಬಂದೇಬಿಟ್ಟಿತು, ರಷ್ಯಾ ಮತ್ತು ಇರಾನ್ ಕೂಡಿ ದಂಡೆತ್ತಿ ಹೋಗುತ್ತವೆ ಎಂದು ಅದರಲ್ಲಿದ್ದ ವಿಡಿಯೋ ಹೇಳುತ್ತಿತ್ತು. "ನಮ್ಮ ಯಾಜೂಜ್-ಮಾಜೂಜ್ ಇವರೇ ಅಂತಲ್ರೀ ಇಮಾಮ್ ಸಾಬ್ರ. ಇನ್ನ ಮಗಳ್ನ ಕಾಲೇಜಿಗೆ ಹಚ್ಚಿ ಏನ್ ಮಾಡೂದೈತ್ರಿ?" ಎಂದರು. ನಗುತ್ತಲೇ ಕೇಳಿದರು, ಆದರೆ ಫೀ ಕಟ್ಟಿರಲಿಲ್ಲ. ಮುಂದಿನ ವಾರದ ಖುತ್ಬಾದಲ್ಲಿ ಇದನ್ನೇ ಎತ್ತಿಕೊಂಡೆ. ಅದರ ಸಾರಾಂಶ ಇದು.

ಬೈಬಲ್‌ನ ಯೆಹೆಜ್ಕೇಲನ ಗ್ರಂಥದ 38 ಮತ್ತು 39ನೇ ಅಧ್ಯಾಯಗಳಲ್ಲಿ ಮಾಗೋಗ್ ನಾಡಿನ ಗೋಗ್ ಎಂಬವನು ಅನೇಕ ಜನಾಂಗಗಳನ್ನು ಕಟ್ಟಿಕೊಂಡು ಇಸ್ರಾಯೇಲಿನ ಮೇಲೆ ಬರುವ ವರ್ಣನೆಯಿದೆ. ಮೆಷೆಕ್ ಮತ್ತು ತೂಬಲ್ ಎಂಬ ಜನರಿಗೆ ಅವನು ಒಡೆಯ. ಕುರ್‌ಆನ್‌ನಲ್ಲಿ ಯಾಜೂಜ್-ಮಾಜೂಜ್ ಹೆಸರು ಸೂರಾ ಅಲ್-ಕಹ್ಫ್ ಮತ್ತು ಅಲ್-ಅಂಬಿಯಾದಲ್ಲಿ ಬರುತ್ತದೆ. ಅವರು ಹೊರಬರುವುದು ಕಿಯಾಮತ್‌ನ ಕುರುಹು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ನನ್ನ ತಕರಾರು ನಕಾಶೆಯ ಮೇಲೆ ಬೆರಳಿಟ್ಟು "ಇವರೇ" ಎನ್ನುವವರ ಬಗ್ಗೆ.

ಆ ಬೆರಳು ಎಲ್ಲೆಲ್ಲಿ ಸುತ್ತಿದೆ ನೋಡಿ. ಮೊದಲನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಮಾಗೋಗ್ ಎಂದರೆ ಸಿಥಿಯನ್ನರು ಎಂದ. ನಾಲ್ಕನೇ ಶತಮಾನದಲ್ಲಿ ಬಿಷಪ್ ಆಂಬ್ರೋಸ್, ರೋಮ್ ಸಾಮ್ರಾಜ್ಯದೊಳಗೆ ನುಗ್ಗಿದ ಗೋಥ್ ಜನರನ್ನೇ ಗೋಗ್ ಎಂದ. ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್‌ಗೆ ಗೋಗ್ ಆಗಿ ಕಂಡವರು ತುರ್ಕರು, ಅಂದರೆ ಮುಸ್ಲಿಮರು. 1909ರಲ್ಲಿ ಅಮೆರಿಕದಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಯಲ್ಲಿ ಮೆಷೆಕ್ ಎಂದರೆ ಮಾಸ್ಕೋ, ತೂಬಲ್ ಎಂದರೆ ಟೊಬೋಲ್ಸ್ಕ್ ಎಂದಾಯಿತು. ವಿಡಿಯೋದವರ ಬಂಡವಾಳ ಇದೇ. ಆದರೆ ಯೆಹೆಜ್ಕೇಲನ ಕಾಲ ಕ್ರಿಸ್ತಪೂರ್ವ ಆರನೇ ಶತಮಾನ. ಮಾಸ್ಕೋ ಹೆಸರು ದಾಖಲೆಗಳಲ್ಲಿ ಮೊದಲು ಸಿಗುವುದು 1147ರಲ್ಲಿ! ಹಳೆಯ ಅಸ್ಸೀರಿಯಾ ಶಾಸನಗಳಲ್ಲಿ ಮುಷ್ಕಿ, ತಬಾಲ್ ಎಂಬ ಹೆಸರುಗಳಿವೆ. ಅವರು ಇಂದಿನ ಟರ್ಕಿಯ ನೆಲದಲ್ಲಿದ್ದ ಜನ. ಹೆಸರಿನ ಸಪ್ಪಳ ಹೋಲುತ್ತದೆ ಎಂದು ಊರನ್ನೇ ಬದಲಿಸಲಾಗುತ್ತದೆಯೇ?

ನಮ್ಮವರೂ ಹಿಂದೆ ಬಿದ್ದಿಲ್ಲ. ಅಬ್ಬಾಸಿ ಖಲೀಫ ವಾಸಿಕ್ ಒಂಬತ್ತನೇ ಶತಮಾನದಲ್ಲಿ ಸಲ್ಲಾಮ್ ಎಂಬ ದುಭಾಷಿಯನ್ನು ದುಲ್‌ಕರ್ನೈನ್ ಕಟ್ಟಿಸಿದ ಗೋಡೆ ಹುಡುಕಲು ಕಳಿಸಿದ್ದ. 1258ರಲ್ಲಿ ಮಂಗೋಲರು ಬಗ್ದಾದ್ ಸುಟ್ಟಾಗ ಯಾಜೂಜ್-ಮಾಜೂಜ್ ಬಂದೇಬಿಟ್ಟರೆಂದು ಜನ ನಡುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಗ್ದಾದ್ ಸುಟ್ಟ ಹುಲಾಗುವಿನ ಮರಿಮಗ ಗಾಝಾನ್ 1295ರಲ್ಲಿ ಕಲಿಮಾ ಓದಿ ಮುಸ್ಲಿಮನಾದ. ಅವರನ್ನು ಯಾಜೂಜ್ ಎಂದು ಬರೆದಿಟ್ಟವರು ಆಗ ಏನು ಹೇಳಬೇಕಿತ್ತು?

ಗೋಗ್‌ನ ದಂಡು ನಾಶವಾದ ಮೇಲೆ ಹೆಣಗಳನ್ನು ಹೂಳಲು ಏಳು ತಿಂಗಳು ಬೇಕಾಗುತ್ತದೆ, ದಾರಿಹೋಕರು ಎಲುಬು ಕಂಡಲ್ಲಿ ಗುರುತು ನೆಡುತ್ತಾರೆ ಎಂದು ಯೆಹೆಜ್ಕೇಲನ ಗ್ರಂಥ ಹೇಳುತ್ತದೆ. ಅದನ್ನು ಓದಿದಾಗ ನನಗೆ ನೆನಪಾಗುವುದು ನಮ್ಮ ಅಣ್ಣಿಗೇರಿ. 2010ರಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ಜೋಡಿಸಿದ ಮನುಷ್ಯರ ತಲೆಬುರುಡೆಗಳು ಸಿಕ್ಕವು, ಒಂದೆರಡಲ್ಲ, ನೂರಾರು. ಯುದ್ಧ, ಹತ್ಯಾಕಾಂಡ ಎಂದೆಲ್ಲ ಮಾತು ಹಬ್ಬಿತು. ಯಾರ ದಂಡು, ಯಾರ ಕತ್ತಿ ಎಂಬ ತೀರ್ಪು ಚಹಾದಂಗಡಿಯಲ್ಲೇ ಆಯಿತು. ಮೊದಲ ಪರೀಕ್ಷೆಯಲ್ಲಿ ಅವು ಸುಮಾರು ಆರುನೂರು ವರ್ಷ ಹಳೆಯವು ಎಂದು ಬಂದಾಗ ಆ ಮಾತಿಗೆ ಇನ್ನಷ್ಟು ಬಲ ಬಂತು. ಮತ್ತೆ ಪರೀಕ್ಷೆ ನಡೆದಾಗ ಕಾಲ ಬಹಳ ಈಚೆಗೆ ಸರಿಯಿತು. 1791-92ರ ಸುಮಾರಿಗೆ ಈ ಸೀಮೆಯನ್ನು ಬಡಿದ ಡೋಗಿ ಬರದಲ್ಲಿ, ಅಂದರೆ ಬುರುಡೆ ಬರದಲ್ಲಿ, ಸತ್ತವರದ್ದಿರಬೇಕು ಎಂಬ ಅಭಿಪ್ರಾಯ ಬಂತು. ಹಾಗಿದ್ದರೆ ಅವರನ್ನು ಕೊಂದದ್ದು ಕತ್ತಿಯಲ್ಲ, ಹಸಿವು. ಕಾಲಡಿಯ ಎಲುಬನ್ನೇ ತಪ್ಪಾಗಿ ಓದುವ ನಾವು ಇನ್ನೂ ಬಾರದ ಯುದ್ಧದ ಪಕ್ಷಗಳನ್ನು ಹೆಸರಿಸುತ್ತೇವೆ.

ಉಮ್ಮುಲ್ ಮೂಮಿನೀನ್ ಝೈನಬ್(ರ) ಹೇಳಿದ ಹದೀಸೊಂದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಯಾಜೂಜ್-ಮಾಜೂಜ್‌ರ ಗೋಡೆಯಲ್ಲಿ ಇಷ್ಟು ತೂತಾಯಿತೆಂದು ಪ್ರವಾದಿ(ಸ) ಬೆರಳುಗಳನ್ನು ದುಂಡಗೆ ಮಾಡಿ ತೋರಿಸಿದರು. ಅವರು ಯಾವ ದೇಶದವರು ಎಂದು ಝೈನಬ್(ರ) ಕೇಳಲಿಲ್ಲ. ನಮ್ಮಲ್ಲಿ ಸಜ್ಜನರಿರುವಾಗಲೂ ನಾವು ನಾಶವಾಗುತ್ತೇವೆಯೇ ಎಂದು ಕೇಳಿದರು. ಹೌದು, ಕೆಡುಕು ಹೆಚ್ಚಿದಾಗ ಎಂದು ಉತ್ತರ ಬಂತು. ಇನ್ನೊಂದು ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ: ಕೈಯಲ್ಲಿ ಸಸಿ ಇರುವಾಗ ಕಿಯಾಮತ್ ಬಂದರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕು.

ಖುತ್ಬಾ ಮುಗಿದ ಮೇಲೆ ಆ ತಂದೆ ಮತ್ತೆ ಸಿಕ್ಕರು. ಈ ಸಲ ವಿಡಿಯೋ ತೋರಿಸಲಿಲ್ಲ. ಫೀ ಕಟ್ಟಲು ಇನ್ನು ಎಷ್ಟು ದಿನ ಇದೆ ಎಂದು ನಾನೇ ಕೇಳಿದೆ. "ಸೋಮವಾರ ಕಡೀ ದಿನಾ ರೀ" ಎಂದರು.